ತಿದ್ದುವ ಮುನ್ನ ಓದೋಣ

ನಮ್ಮ ಮನೆಗಳಲ್ಲಿ ಸಂಜೆಯ ಹೊತ್ತು ಹೆಚ್ಚಾಗಿ ಕೇಳಿಬರುವ ಅಪ್ಪಣೆಗಳಲ್ಲಿ ‘ಕೂತು ಬರಿ’ ಎಂಬುದೂ ಒಂದು. ಈ ಮಾತು ಕಿವಿಗೆ ಬಿದ್ದೊಡನೆ ಕೆಲವು ಮಕ್ಕಳಿಗೆ ಬಾಯಾರಿಕೆ ಆರಂಭವಾಗುತ್ತದೆ. ಕೆಲವರ ಪೆನ್ಸಿಲಿನ ಮೊನೆ ಮುರಿಯುತ್ತದೆ. ಇನ್ನು ಕೆಲವರಿಗೆ ನಿದ್ದೆ ಬರುತ್ತದೆ. ಅರ್ಧ ಗಂಟೆಯ ಹಿಂದಷ್ಟೇ ಇದೇ ಮಗು, ಶಾಲೆಯ ವಾಹನ ನಡುದಾರಿಯಲ್ಲಿ ಕೆಟ್ಟು ನಿಂತ ಸಂಗತಿಯನ್ನು ಕಣ್ಣರಳಿಸಿ, ಕೈ ಬೀಸಿ, ಚಾಲಕನ ದನಿಯನ್ನೂ ಅನುಕರಿಸಿ ಮನೆಮಂದಿಯನ್ನೆಲ್ಲ ನಗಿಸಿರುತ್ತದೆ. ಕತೆಗೆ ಬೇಕಾದ ಆರಂಭ, ಏರಿಳಿತ, ಮುಕ್ತಾಯ ಎಲ್ಲವೂ ಅದರ ಮಾತಿನಲ್ಲಿರುತ್ತವೆ. ಅದನ್ನೇ ಹಾಳೆಯ ಮೇಲೆ ಇಳಿಸೆಂದರೆ ಮಾತ್ರ ‘ನನಗೆ ಏನೂ ತೋಚುವುದಿಲ್ಲ’ ಎಂಬ ಒಂದೇ ಉತ್ತರ.

ಹೇಳಲು ಬಲ್ಲ ಮಗುವಿಗೆ ಬರೆಯಲು ಏಕೆ ಬಾರದು? ಈ ಪ್ರಶ್ನೆಗೆ ಹೆತ್ತವರು ಸಾಮಾನ್ಯವಾಗಿ ಕೊಡುವ ಉತ್ತರಗಳು ಮೂರು. ಮಗು ಸೋಮಾರಿ, ಮಗುವಿಗೆ ಪದಸಂಪತ್ತು ಸಾಲದು, ಮೊಬೈಲು ಮಗುವನ್ನು ಕೆಡಿಸಿದೆ. ಈ ಮೂರರಲ್ಲೂ ಅಲ್ಪಸ್ವಲ್ಪ ಸತ್ಯವಿರಬಹುದು. ಆದರೆ ಮೂಲ ಕಾರಣ ಬೇರೆಯೇ ಇದೆ ಎಂದು ಈ ಲೇಖಕನ ನಂಬಿಕೆ. ಮಗು ಮಾತನಾಡುವಾಗ ಅದರ ಎದುರು ಕೇಳುವವರಿದ್ದರು. ಅವರು ನಕ್ಕರು, ‘ಆಮೇಲೇನಾಯಿತು?’ ಎಂದರು, ಕುತೂಹಲದಿಂದ ಮುಂದಕ್ಕೆ ಬಾಗಿದರು. ಬರೆಯಲು ಕುಳಿತಾಗಲಾದರೋ ಎದುರಿಗೆ ಯಾರೂ ಇಲ್ಲ. ಬರೆದುದನ್ನು ಕೊನೆಗೆ ಕೈಗೆತ್ತಿಕೊಳ್ಳುವವರು ಒಬ್ಬರಿದ್ದಾರೆ, ನಿಜ. ಅವರ ಕೈಯಲ್ಲಿ ಕೆಂಪು ಶಾಯಿಯ ಪೆನ್ನಿದೆ. ಅವರು ಓದುವುದಕ್ಕಾಗಿ ಬಂದವರಲ್ಲ, ತಪ್ಪು ಹುಡುಕುವುದಕ್ಕಾಗಿ ಬಂದವರು.

ಮಕ್ಕಳಿಗೆ ಕೊಡಲಾಗುವ ವಿಷಯಗಳನ್ನೇ ಗಮನಿಸೋಣ. ‘ಗೋವು’, ‘ನಮ್ಮ ರಾಷ್ಟ್ರೀಯ ಹಬ್ಬಗಳು’, ‘ನಾನು ಪ್ರಧಾನಿಯಾದರೆ’, ‘ಗ್ರಂಥಾಲಯದ ಉಪಯೋಗಗಳು’. ಹಸುವಿಗೆ ನಾಲ್ಕು ಕಾಲುಗಳಿವೆ ಎಂಬುದು ಬರೆಯುವ ಮಗುವಿಗೂ ಗೊತ್ತು, ಓದುವ ಉಪಾಧ್ಯಾಯರಿಗೂ ಗೊತ್ತು. ಗೊತ್ತಿರುವವರಿಗೆ ಗೊತ್ತಿರುವುದನ್ನೇ ಹೇಳುವ ಕೆಲಸ ಯಾರಿಗಾದರೂ ಬೇಸರ ತರಿಸುವಂಥದು. ನಲವತ್ತು, ಐವತ್ತು ಮಕ್ಕಳಿರುವ ತರಗತಿಯಲ್ಲಿ ಉಪಾಧ್ಯಾಯರಿಗೆ ಬೇರೆ ಮಾರ್ಗವಿರುವುದು ಕಡಿಮೆ. ಅವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಮನೆಯಲ್ಲಿ ಇರುವುದು ಒಂದೋ ಎರಡೋ ಮಕ್ಕಳು. ಇಲ್ಲಿ ಪಾಠಪಟ್ಟಿಯ ಅವಸರವಿಲ್ಲ, ಅಂಕಗಳ ಹಂಗಿಲ್ಲ. ಹೀಗಿದ್ದೂ ನಾವು ಮನೆಯನ್ನು ಶಾಲೆಯ ಎರಡನೆಯ ಪಾಳಿಯನ್ನಾಗಿ ಮಾಡಿಕೊಂಡಿದ್ದೇವೆ. ಮಗು ಆಸೆಯಿಂದ ನಾಲ್ಕು ಸಾಲು ಬರೆದು ತಂದರೆ ನಮ್ಮ ಕಣ್ಣು ಮೊದಲು ಹೋಗುವುದು ಬಿಟ್ಟುಹೋದ ಒತ್ತಕ್ಷರದ ಮೇಲೆ, ಅಲ್ಪಪ್ರಾಣವಾಗಿರುವ ಮಹಾಪ್ರಾಣದ ಮೇಲೆ.

ಆದುದರಿಂದ ಈ ಲೇಖನದ ವಾದ ಇಷ್ಟೇ: ಬರೆಯಲು ಹಿಂಜರಿಯುವ ಮಗುವಿಗೆ ಮನೆಯಲ್ಲಿ ಮೊದಲು ಬೇಕಾದವರು ಓದುಗರು, ತಿದ್ದುವವರು ಆಮೇಲೆ ಬಂದರೆ ಸಾಕು. ತಾನು ಬರೆದುದನ್ನು ಒಬ್ಬರು ನಿಜವಾಗಿ ತಿಳಿಯಬಯಸುತ್ತಾರೆ ಎಂಬ ಭರವಸೆ ಹುಟ್ಟಿದ ದಿನ ಮಗು ತಾನಾಗಿ ಪೆನ್ಸಿಲು ಹಿಡಿಯುತ್ತದೆ.

ಇದು ಕೇವಲ ಕನ್ನಡ ಪತ್ರಿಕೆಯ ಅಂಕಗಳ ಪ್ರಶ್ನೆಯಾಗಿದ್ದರೆ ಇಷ್ಟು ದೀರ್ಘವಾಗಿ ಚರ್ಚಿಸುವ ಅಗತ್ಯವಿರಲಿಲ್ಲ. 2022ರ ಕೊನೆಯಿಂದೀಚೆಗೆ, ಕೇಳಿದ ವಿಷಯದ ಮೇಲೆ ಕ್ಷಣಾರ್ಧದಲ್ಲಿ ಪ್ರಬಂಧ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಎಲ್ಲರ ಕೈಗೂ ಬಂದಿವೆ. ‘ಮಳೆಗಾಲ’ ಎಂದು ಟೈಪಿಸಿದರೆ ಸಾಕು, ಅಚ್ಚುಕಟ್ಟಾದ ಇನ್ನೂರು ಪದಗಳು ತೆರೆಯ ಮೇಲೆ ಮೂಡುತ್ತವೆ. ಆ ಪ್ರಬಂಧದಲ್ಲಿ ಮಳೆ ಇರುತ್ತದೆ; ಆದರೆ ನಮ್ಮ ಮನೆಯ ಹಂಚಿನ ಸಂದಿನಿಂದ ಸೋರಿದ ಮಳೆ ಇರುವುದಿಲ್ಲ. ಸೋರುವ ಜಾಗಕ್ಕೆ ತಪಲೆ ಇಟ್ಟ ಅಜ್ಜಿ ಅದರಲ್ಲಿ ಇರುವುದಿಲ್ಲ. ತನ್ನ ಮನೆ, ತನ್ನ ಭಯ, ತನ್ನ ಸಂತೋಷಗಳನ್ನು ತನ್ನದೇ ಮಾತಿನಲ್ಲಿ ಹೇಳುವ ಅಭ್ಯಾಸ ಎಳೆಯ ವಯಸ್ಸಿನಲ್ಲೇ ತಪ್ಪಿಹೋದರೆ, ದೊಡ್ಡವನಾದ ಮೇಲೆ ಆ ವ್ಯಕ್ತಿ ತನ್ನ ಪರವಾಗಿ ಮಾತನಾಡಲು ಸದಾ ಇತರರನ್ನೋ ಯಂತ್ರವನ್ನೋ ಅವಲಂಬಿಸಬೇಕಾಗುತ್ತದೆ. ಅರ್ಜಿ ಬರೆಯುವುದಕ್ಕೆ, ಅನ್ಯಾಯವನ್ನು ಪ್ರಶ್ನಿಸುವುದಕ್ಕೆ, ಕೊನೆಗೆ ದುಃಖವನ್ನು ಹಂಚಿಕೊಳ್ಳುವುದಕ್ಕೂ ಸ್ವಂತ ಮಾತು ಬೇಕು.

ಈ ಸತ್ಯವನ್ನು ಆಳವಾಗಿ ಅರಿತಿದ್ದ ಓರ್ವ ಕಥೋಲಿಕ ಧರ್ಮಗುರುವಿನ ಪ್ರಯೋಗವೊಂದನ್ನು ಇಲ್ಲಿ ನೆನೆಯುವುದು ಉಚಿತ. ಇಟಲಿಯ ಫ್ಲಾರೆನ್ಸ್ ನಗರದ ಉತ್ತರಕ್ಕಿರುವ ಗುಡ್ಡಗಾಡಿನಲ್ಲಿ ಬಾರ್ಬಿಯಾನ ಎಂಬ ಪುಟ್ಟ ಹಳ್ಳಿಯಿದೆ. ಸ್ಥಿತಿವಂತ ಕುಟುಂಬದಲ್ಲಿ 1923ರಲ್ಲಿ ಹುಟ್ಟಿದ ಲೊರೆಂಜೊ ಮಿಲಾನಿ ಎಂಬ ಗುರುಗಳು 1954ರ ಡಿಸೆಂಬರಿನಲ್ಲಿ ಅಲ್ಲಿಯ ಚರ್ಚಿಗೆ ಬಂದರು. ಬಡ ರೈತರ ಕೆಲವೇ ಮನೆಗಳು ಅಲ್ಲಲ್ಲಿ ಚದರಿಕೊಂಡಿದ್ದ ಊರು ಅದು. ಅಲ್ಲಿಯ ಮಕ್ಕಳಲ್ಲಿ ಅನೇಕರು ಸರಕಾರಿ ಶಾಲೆಗಳಲ್ಲಿ ಅನುತ್ತೀರ್ಣರಾಗಿ, ‘ಇವರಿಗೆ ವಿದ್ಯೆ ಹತ್ತುವುದಿಲ್ಲ’ ಎನ್ನಿಸಿಕೊಂಡವರು. ಮಿಲಾನಿಯವರು ಅವರಿಗಾಗಿ ಚರ್ಚಿನ ಮನೆಯಲ್ಲೇ ಶಾಲೆ ತೆರೆದರು. ಮಾತಿನ ಮೇಲೆ ಹಿಡಿತವಿಲ್ಲದವನು ಎಲ್ಲೆಡೆಯೂ ಸೋಲುತ್ತಾನೆ, ಬಡವನನ್ನು ಇತರರ ಸಮಕ್ಕೆ ನಿಲ್ಲಿಸಬಲ್ಲುದು ಭಾಷೆಯೇ ಎಂಬುದು ಅವರ ವಿಚಾರದ ಸಾರವಾಗಿತ್ತು.

1963ರಲ್ಲಿ ಮಾರಿಯೊ ಲೋದಿ ಎಂಬ ಪ್ರಾಥಮಿಕ ಶಾಲಾ ಶಿಕ್ಷಕರು ಬಾರ್ಬಿಯಾನಕ್ಕೆ ಭೇಟಿಯಿತ್ತರು. ಆ ಭೇಟಿಯ ಫಲವಾಗಿ ಲೋದಿಯವರ ಶಾಲೆಯ ಮಕ್ಕಳಿಗೂ ಬಾರ್ಬಿಯಾನದ ಮಕ್ಕಳಿಗೂ ನಡುವೆ ಪತ್ರವ್ಯವಹಾರ ಆರಂಭವಾಯಿತು. ದೂರದ ಊರಿನಲ್ಲಿ ತಮ್ಮಂಥದೇ ಮಕ್ಕಳು ತಮ್ಮ ಪತ್ರಕ್ಕಾಗಿ ಕಾದಿದ್ದಾರೆ ಎಂದು ತಿಳಿದಾಗ, ‘ವಿದ್ಯೆ ಹತ್ತದ’ ಹುಡುಗರು ಒಂದೊಂದು ವಾಕ್ಯವನ್ನೂ ತೂಗಿ ನೋಡಿ ಬರೆಯತೊಡಗಿದರು. ಈ ಅಭ್ಯಾಸವೇ ಮುಂದೆ ಬೆಳೆದು, ಅಲ್ಲಿಯ ಎಂಟು ಮಂದಿ ಹುಡುಗರು ಕೂಡಿ ಒಂದು ಪುಸ್ತಕವನ್ನೇ ರಚಿಸಿದರು. ತಮ್ಮನ್ನು ಅನುತ್ತೀರ್ಣಗೊಳಿಸಿದ ಶಿಕ್ಷಕಿಯೊಬ್ಬರನ್ನು ಉದ್ದೇಶಿಸಿದ ಪತ್ರದ ರೂಪದಲ್ಲಿ, ಬಡವರ ಮಕ್ಕಳನ್ನು ಹೊರಗಟ್ಟುವ ಶಿಕ್ಷಣ ವ್ಯವಸ್ಥೆಯನ್ನೇ ಪ್ರಶ್ನಿಸಿದ ಆ ಕೃತಿ 1967ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಮುಂದಿನ ತಿಂಗಳು, ಜೂನ್ 26ರಂದು, ಮಿಲಾನಿಯವರು ತೀರಿಕೊಂಡರು. ಕೃತಿ ಅನೇಕ ಭಾಷೆಗಳಿಗೆ ಅನುವಾದಗೊಂಡಿತು. ಅರ್ಧ ಶತಮಾನದ ಬಳಿಕ, 2017ರ ಜೂನ್‌ನಲ್ಲಿ, ಪೋಪ್ ಫ್ರಾನ್ಸಿಸ್ ಅವರು ಬಾರ್ಬಿಯಾನಕ್ಕೆ ತೆರಳಿ ಮಿಲಾನಿಯವರ ಸಮಾಧಿಯ ಬಳಿ ಪ್ರಾರ್ಥಿಸಿದರು.

ಆ ಹುಡುಗರು ಬರೆದ ರೀತಿ ನಮ್ಮ ಮನೆಗಳಿಗೂ ದಾರಿದೀಪವಾಗಬಲ್ಲುದು. ಪ್ರತಿಯೊಬ್ಬನ ಕಿಸೆಯಲ್ಲೂ ಒಂದು ಟಿಪ್ಪಣಿ ಪುಸ್ತಕ. ವಿಚಾರವೊಂದು ಹೊಳೆದಾಗಲೆಲ್ಲ ಅದನ್ನು ಬೇರೆಯೇ ಒಂದು ಚೀಟಿಯಲ್ಲಿ, ಒಂದೇ ಮಗ್ಗುಲಿನಲ್ಲಿ ಬರೆದಿಡುವುದು. ಒಂದು ದಿನ ಎಲ್ಲರ ಚೀಟಿಗಳನ್ನೂ ದೊಡ್ಡ ಮೇಜಿನ ಮೇಲೆ ಹರಡಿ, ಎರಡೆರಡು ಸಲ ಬಂದಿರುವುದನ್ನು ತೆಗೆದುಹಾಕಿ, ಒಂದಕ್ಕೊಂದು ಸಂಬಂಧವಿರುವ ಚೀಟಿಗಳನ್ನು ಗುಂಪು ಮಾಡುವುದು. ಆ ಗುಂಪುಗಳೇ ಅಧ್ಯಾಯಗಳು. ಬಳಿಕ ಅವುಗಳ ಕ್ರಮವನ್ನು ಗೊತ್ತುಮಾಡಿ, ಸೇರಿಸಿ ಬರೆದು, ಅನಗತ್ಯವಾದ ಪದಗಳನ್ನು ಹೊಡೆದುಹಾಕುವುದು. ಕಟ್ಟಕಡೆಗೆ ಹೆಚ್ಚು ಓದು ಕಲಿಯದ ಹೊರಗಿನವರನ್ನು ಕರೆದು, ಅವರಿಗೆ ಓದಿಸಿ, ಹೇಳಬೇಕೆಂದುಕೊಂಡದ್ದು ಅವರಿಗೆ ತಿಳಿಯಿತೇ ಎಂದು ಪರೀಕ್ಷಿಸುವುದು.

ಈ ಕ್ರಮದಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಬರಹ ಪೂರ್ಣರೂಪದಲ್ಲಿ ಒಮ್ಮೆಗೇ ಇಳಿದುಬರಬೇಕೆಂಬ ಹಟ ಇಲ್ಲಿಲ್ಲ. ಒಂದು ಚೀಟಿಯಲ್ಲಿ ಒಂದೇ ಮಾತಿದ್ದರೂ ಸಾಕು. ಎರಡನೆಯದಾಗಿ, ತಿದ್ದುವಿಕೆ ಇದೆ, ಕಠಿಣವಾಗಿಯೇ ಇದೆ, ಆದರೆ ಅದರ ಸ್ಥಾನ ಕೊನೆಯಲ್ಲಿ. ಮೂರನೆಯದಾಗಿ, ಬರಹ ಚೆನ್ನಾಗಿದೆಯೇ ಇಲ್ಲವೇ ಎಂಬುದನ್ನು ನಿರ್ಧರಿಸುವುದು ವ್ಯಾಕರಣದ ಪಂಡಿತರಲ್ಲ, ಅರ್ಥಮಾಡಿಕೊಳ್ಳಲು ಹಂಬಲಿಸುವ ಸಾಮಾನ್ಯ ಓದುಗ. ಖಾಲಿ ಹಾಳೆಯನ್ನು ಕಂಡು ಬೆದರುವ ಮಗುವಿಗೆ ಈ ಮೂರೂ ಅಂಶಗಳು ದೊಡ್ಡ ಬಿಡುಗಡೆಯನ್ನು ಕೊಡುತ್ತವೆ.

ಹಾಗಾದರೆ ನಮ್ಮ ಮನೆಯಲ್ಲಿ ಹೇಗೆ ಆರಂಭಿಸಬಹುದು? ಮೊತ್ತಮೊದಲು ಮಗುವಿನ ಕೈಗೆ ಪೆನ್ಸಿಲು ಕೊಡುವ ಬದಲು ನಾವೇ ಅದನ್ನು ಹಿಡಿಯೋಣ. ಮಗು ಹೇಳಲಿ, ಹಿರಿಯರು ಬರೆದುಕೊಳ್ಳಲಿ. ಅದು ಹೇಳಿದಂತೆಯೇ, ಅದರದೇ ಪದಗಳಲ್ಲಿ, ನಮ್ಮ ಅಲಂಕಾರಗಳನ್ನು ಸೇರಿಸದೆ ಬರೆದು, ಬಳಿಕ ಗಟ್ಟಿಯಾಗಿ ಓದಿ ಹೇಳೋಣ. ತನ್ನ ಬಾಯಿಂದ ಬಂದ ಮಾತು ಹಾಳೆಯ ಮೇಲೆ ನಿಂತು, ಮತ್ತೆ ತನ್ನ ಕಿವಿಗೆ ಕತೆಯಾಗಿ ಬಂದು ಬೀಳುವುದನ್ನು ಕಂಡ ಮಗುವಿನ ಮುಖ ಅರಳುತ್ತದೆ. ಕೆಲವು ದಿನಗಳಲ್ಲಿ ಅದು, ‘ಹಾಗಲ್ಲ, ನಾಯಿ ಮೊದಲು ಓಡಿತು, ಆಮೇಲೆ ಬೆಕ್ಕು’ ಎಂದು ನಮ್ಮನ್ನೇ ತಿದ್ದತೊಡಗುತ್ತದೆ. ಬರಹಗಾರ ಹುಟ್ಟುವುದು ಆ ಕ್ಷಣದಲ್ಲಿ. ಕೊನೆಯ ಸಾಲನ್ನು ನೀನೇ ಬರೆ ಎಂದರೆ ಆಗ ಹೊಟ್ಟೆನೋವು ಬರಲಾರದು.

ಎರಡನೆಯದಾಗಿ, ಮಗುವಿಗೆ ನಿಜವಾದ ಓದುಗರನ್ನು ಒದಗಿಸೋಣ. ಕರಾವಳಿಯ ನಮ್ಮ ಎಷ್ಟೋ ಕುಟುಂಬಗಳಲ್ಲಿ ತಂದೆಯೋ ತಾಯಿಯೋ ಕುವೈತ್, ದುಬೈ, ಮಸ್ಕತ್‌ಗಳಲ್ಲಿ ದುಡಿಯುತ್ತಿದ್ದಾರೆ. ಹಿಂದೆ ಅಂಥ ಮನೆಗಳಿಗೆ ಪತ್ರ ಬರುತ್ತಿತ್ತು, ಪತ್ರ ಹೋಗುತ್ತಿತ್ತು. ಒಂದು ಪತ್ರವನ್ನು ಹತ್ತು ಸಲ ಓದುತ್ತಿದ್ದರು, ಪೆಟ್ಟಿಗೆಯ ಅಡಿಯಲ್ಲಿ ಜೋಪಾನವಾಗಿ ಇಡುತ್ತಿದ್ದರು. ಈಗ ದಿನವೂ ಮೊಬೈಲಿನಲ್ಲಿ ಮುಖ ನೋಡಿ ಮಾತನಾಡುವ ಅನುಕೂಲವಿದೆ. ಅದು ಸಂತೋಷದ ವಿಷಯವೇ ಸರಿ. ಆದರೆ ಆ ಮಾತುಕತೆ ‘ಊಟವಾಯಿತೇ, ಹೋಮ್‌ವರ್ಕ್ ಆಯಿತೇ’ ಎಂಬಲ್ಲಿಗೆ ಮುಗಿಯುವುದೇ ಹೆಚ್ಚು. ಮಾತು ಮುಗಿದ ಮೇಲೆ ಕೈಯಲ್ಲಿ ಉಳಿಯುವುದು ಏನೂ ಇಲ್ಲ. ತಿಂಗಳಿಗೊಮ್ಮೆ ಮಗು ತನ್ನ ಕೈಯಾರೆ ಒಂದು ಪುಟ ಬರೆದು, ಚಿತ್ರ ಬಿಡಿಸಿ, ದೂರದಲ್ಲಿರುವ ತಂದೆಗೆ ಕಳುಹಿಸಲಿ. ಅಂಗಳದ ಮಾವಿನಮರದಲ್ಲಿ ಈ ಸಲ ಎಷ್ಟು ಹೂವು ಬಂದಿದೆ, ಕರು ಹೇಗೆ ಹಗ್ಗ ಬಿಚ್ಚಿಕೊಂಡು ಓಡಿತು ಎಂಬುದು ಅಲ್ಲಿರುವ ತಂದೆಗೆ ಗೊತ್ತಿಲ್ಲ. ತಿಳಿಯಬೇಕೆಂಬ ಆಸೆಯೂ ಅವರಿಗಿದೆ. ಅವರೂ ಕೈಬರಹದಲ್ಲೇ ಉತ್ತರಿಸಲಿ, ಆ ಉತ್ತರದಲ್ಲಿ ಮಗು ಬರೆದ ಸಂಗತಿಗಳ ಬಗ್ಗೆ ಪ್ರಶ್ನೆಗಳಿರಲಿ. ಒತ್ತಕ್ಷರದ ಪಾಠ ಮಾತ್ರ ಬೇಡ.

ಮೂರನೆಯದು ಭಾಷೆಯ ಪ್ರಶ್ನೆ. ನಮ್ಮ ಮಕ್ಕಳು ಮನೆಯಲ್ಲಿ ಕೊಂಕಣಿ, ನೆರೆಮನೆಯಲ್ಲಿ ತುಳು, ಪೇಟೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್ ಎಂದು ದಿನವೊಂದರಲ್ಲೇ ನಾಲ್ಕು ಭಾಷೆಗಳ ನಡುವೆ ಓಡಾಡುತ್ತಾರೆ. ಇದು ದೊಡ್ಡ ಸಿರಿ. ಆದರೆ ಬರೆಯಲು ಕೂತಾಗ ನಾವು ಈ ಸಿರಿಯ ಮುಕ್ಕಾಲು ಪಾಲಿಗೆ ಬೀಗ ಹಾಕಿ, ಇಂಗ್ಲಿಷಿನಲ್ಲೇ ಬರೆ, ಅದೂ ತಪ್ಪಿಲ್ಲದೆ ಬರೆ ಎನ್ನುತ್ತೇವೆ. ಮಗುವಿಗೆ ಅಜ್ಜಿಯ ಮಾತು ಕೊಂಕಣಿಯಲ್ಲಿ ಕೇಳಿಸುತ್ತಿರುವಾಗ, ಅದನ್ನು ಪರಭಾಷೆಗೆ ತಿರುಗಿಸಿ ಬರೆಯುವಷ್ಟರಲ್ಲಿ ಅಜ್ಜಿಯೇ ಕಾಣೆಯಾಗಿರುತ್ತಾಳೆ. ಶಾಲೆಯ ಮಾಧ್ಯಮದ ವಾದವಿವಾದ ಏನೇ ಇರಲಿ, ಮನೆಯೊಳಗಿನ ಬರಹಕ್ಕೆ ಆ ಕಟ್ಟುಪಾಡು ಬೇಡ. ಕನ್ನಡ ವಾಕ್ಯದ ನಡುವೆ ಕೊಂಕಣಿಯ ಪದ ಬಂದರೆ ಬರಲಿ. ತುಳುವಿನ ಬೈಗುಳ ಬಂದರೂ ನಕ್ಕು ಸುಮ್ಮನಾಗೋಣ.

ಮನೆಮಾತು ಬೇರೆಯಾದುದರಿಂದ ಕನ್ನಡ ಕೆಡುತ್ತದೆ ಎಂಬ ಅಂಜಿಕೆಗೂ ಆಧಾರವಿಲ್ಲ. ಕನ್ನಡದ ಮಕ್ಕಳ ಸಾಹಿತ್ಯಕ್ಕೆ ಅಡಿಗಲ್ಲು ಹಾಕಿದವರಲ್ಲಿ ಪ್ರಮುಖರಾದ ಪಂಜೆ ಮಂಗೇಶರಾಯರು (1874–1937) ಬಂಟ್ವಾಳದವರು. ಅವರ ಮನೆಮಾತು ಕೊಂಕಣಿ. ಉಪಾಧ್ಯಾಯರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ಮಕ್ಕಳ ನಡುವೆಯೇ ಬಾಳಿದ ಅವರ ಪದ್ಯಗಳು ಕನ್ನಡನಾಡಿನ ತಲೆಮಾರುಗಳ ನಾಲಗೆಯ ಮೇಲೆ ನಲಿದವು. ನಮ್ಮ ಸಮಾಜದವರೇ ಆದ ಸಾಗರದ ನಾ. ಡಿಸೋಜ (1937–2025) ಅವರು ಲೋಕೋಪಯೋಗಿ ಇಲಾಖೆಯಲ್ಲಿ ದುಡಿಯುತ್ತಾ, ಶರಾವತಿಯ ನೀರಿನಲ್ಲಿ ಮುಳುಗಿದ ಊರುಗಳ ಜನರ ಬದುಕನ್ನು ಹತ್ತಿರದಿಂದ ಕಂಡು ಬರೆದರು. ಅವರ ‘ಮುಳುಗಡೆಯ ಊರಿಗೆ ಬಂದವರು’ ಎಂಬ ಮಕ್ಕಳ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ದೊರೆಯಿತು. 2014ರಲ್ಲಿ ಮಡಿಕೇರಿಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ಅವರ ಬರಹದ ಬಲ ದೂರದ ಕಲ್ಪನೆಯಿಂದ ಬಂದುದಲ್ಲ, ತಾವು ನಿಂತ ನೆಲವನ್ನು ನೋಡಿದ ನೋಟದಿಂದ ಬಂದುದು.

ಕುವೆಂಪು ಅವರ ಜೀವನದ ಒಂದು ಸಂಗತಿಯೂ ಇಲ್ಲಿ ಸ್ಮರಣೀಯ. ಅವರ ಮೊದಲ ಕವಿತಾ ಪುಸ್ತಿಕೆ ಇಂಗ್ಲಿಷಿನದು. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ಅವರ ಇಂಗ್ಲಿಷ್ ಕವಿತೆಗಳನ್ನು ನೋಡಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು, ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಸಲಹೆಯಿತ್ತರು. ಕನ್ನಡ ಬಾರದ ಆ ವಿದೇಶೀಯರು ತರುಣನ ಛಂದಸ್ಸನ್ನೋ ವ್ಯಾಕರಣವನ್ನೋ ತಿದ್ದುತ್ತಾ ಕೂರದೆ, ಅವನ ಮನಸ್ಸು ಎಲ್ಲಿ ಬೇರೂರಿದೆ ಎಂಬುದನ್ನು ಗುರುತಿಸಿದರು. ಒಳ್ಳೆಯ ಓದುಗನೊಬ್ಬ ಮಾಡಬಹುದಾದ ಉಪಕಾರ ಎಂಥದು ಎಂಬುದಕ್ಕೆ ಇದಕ್ಕಿಂತ ಮಿಗಿಲಾದ ನಿದರ್ಶನ ಬೇಕಿಲ್ಲ.

ಇನ್ನು ‘ಏನೂ ತೋಚುವುದಿಲ್ಲ’ ಎನ್ನುವ ಮಗುವಿಗೆ ಆಟದ ದಾರಿಯೊಂದಿದೆ. ಇಟಲಿಯ ಮಕ್ಕಳ ಸಾಹಿತಿ ಜಾನಿ ರೊದಾರಿ (1920–1980) ಅವರು ಕತೆ ಕಟ್ಟುವ ಕಲೆಯನ್ನು ಕುರಿತು 1973ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಸುಲಭೋಪಾಯವನ್ನು ಹೇಳಿದ್ದಾರೆ. ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದ ಎರಡು ಪದಗಳನ್ನು ಆರಿಸಿ, ಅವೆರಡನ್ನೂ ಬಗೆಬಗೆಯಾಗಿ ಜೋಡಿಸುತ್ತಾ ಹೋದರೆ ಕತೆ ತಾನಾಗಿ ಹುಟ್ಟುತ್ತದೆ. ಕನ್ನಡದಲ್ಲಿ ಈ ಆಟಕ್ಕೆ ನಮ್ಮ ವಿಭಕ್ತಿ ಪ್ರತ್ಯಯಗಳೇ ಒದಗಿಬರುತ್ತವೆ. ‘ಆಮೆ’ ಮತ್ತು ‘ಕೊಡೆ’ ಎಂಬ ಎರಡು ಪದಗಳನ್ನು ತೆಗೆದುಕೊಳ್ಳೋಣ. ಆಮೆಯ ಕೊಡೆ, ಆಮೆಗೆ ಕೊಡೆ, ಕೊಡೆಯಲ್ಲಿ ಆಮೆ, ಕೊಡೆಯಿಂದ ಆಮೆ. ಬೆನ್ನ ಮೇಲೆ ಚಿಪ್ಪಿರುವ ಆಮೆಗೆ ಕೊಡೆಯೇಕೆ? ಕೊಟ್ಟವರು ಯಾರು? ಮಳೆ ನಿಂತ ಮೇಲೆ ಅದನ್ನು ಮಡಚುವುದು ಹೇಗೆ? ಇಷ್ಟು ಕೇಳಿದರೆ ಸಾಕು, ಮಗುವಿನ ಬಾಯಿಗೆ ತಡೆಯಿರುವುದಿಲ್ಲ. ಶಾಲೆಯಲ್ಲಿ ಬಾಯಿಪಾಠ ಮಾಡುವ ವಿಭಕ್ತಿಗಳು ಇಲ್ಲಿ ಕತೆಯ ಬಾಗಿಲುಗಳಾಗುತ್ತವೆ.

ಆಟದಲ್ಲಿ ಆಸಕ್ತಿಯಿಲ್ಲದ, ‘ಸುಳ್ಳುಕತೆ ಬೇಡ’ ಎನ್ನುವ ಮಕ್ಕಳೂ ಇರುತ್ತಾರೆ. ಅವರನ್ನು ಅಡುಗೆಮನೆಗೆ ಕಳುಹಿಸಬಹುದು. ಕ್ರಿಸ್ಮಸ್ ಸಮಯದಲ್ಲಿ ನಮ್ಮ ಮನೆಗಳಲ್ಲಿ ಕುಸ್ವಾರ್ ಸಿದ್ಧವಾಗುತ್ತದೆ. ನೆವ್ರಿ, ಕಿಡಿಯೊ, ಗುಳಿಯೊಗಳ ಕೆಲಸದಲ್ಲಿ ಎಲ್ಲರ ಕೈಯೂ ಸೇರುತ್ತದೆ. ಈ ಸಲ ಅಜ್ಜಿ ಮಾಡುವ ಕ್ರಮವನ್ನು ಬರೆದಿಡುವ ಹೊಣೆ ಮಗುವಿನದಾಗಲಿ. ಅಳತೆಯೆಷ್ಟೆಂದು ಕೇಳಿದರೆ ಅಜ್ಜಿ ‘ಕಣ್ಣಂದಾಜು’ ಎನ್ನುತ್ತಾಳೆ; ಎಷ್ಟು ಹೊತ್ತು ನಾದಬೇಕೆಂದರೆ ‘ಹದ ಬರುವಷ್ಟು’ ಎನ್ನುತ್ತಾಳೆ. ಆ ಹದ ಹೇಗಿರುತ್ತದೆ ಎಂಬುದನ್ನು, ನೋಡದವರಿಗೂ ತಿಳಿಯುವಂತೆ ಮಾತಿನಲ್ಲಿ ಹಿಡಿಯುವುದು ದೊಡ್ಡ ಸಾಹಿತಿಗಳಿಗೂ ಸವಾಲೇ. ಮಗು ಹಿಟ್ಟನ್ನು ಮುಟ್ಟಿ ನೋಡುತ್ತದೆ, ಹೋಲಿಕೆಗಳನ್ನು ಹುಡುಕುತ್ತದೆ, ಇದನ್ನು ಕಲಿಸಿದವರು ಯಾರೆಂದು ಅಜ್ಜಿಯನ್ನು ಕೇಳುತ್ತದೆ. ಅಜ್ಜಿ ಆಗ ತನ್ನ ತಾಯಿಯ ಮನೆಯ ಕತೆಯನ್ನು ಬಿಚ್ಚುತ್ತಾಳೆ. ಮಗು ಪಾಕವಿಧಾನ ಬರೆಯಲು ಕುಳಿತು ಕುಟುಂಬದ ಚರಿತ್ರೆಯನ್ನೇ ಬರೆದಿರುತ್ತದೆ. ಸೆಪ್ಟೆಂಬರ್ 8ರ ತೆನೆಹಬ್ಬದ ಊಟದ ಬಗೆಗೂ ಹೀಗೆಯೇ ಬರೆಸಬಹುದು. ಅಜ್ಜಿಯರು ಇರುವಾಗ ಬರೆದಿಡದಿದ್ದರೆ ಈ ಸಂಗತಿಗಳನ್ನು ಮುಂದೆ ಯಾರಲ್ಲಿ ಕೇಳುವುದು?

ಇಷ್ಟನ್ನು ಓದಿದ ಹೆತ್ತವರು, ‘ಹಾಗಾದರೆ ತಪ್ಪನ್ನು ತಿದ್ದುವುದೇ ಬೇಡವೇ? ಪರೀಕ್ಷೆಯಲ್ಲಿ ಅಂಕ ಹೋಗುವುದಿಲ್ಲವೇ?’ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ತಪ್ಪು ಬರಹ ರೂಢಿಯಾದರೆ ಅದನ್ನು ಬಿಡಿಸುವುದು ಕಷ್ಟ ಎಂಬ ಆತಂಕವನ್ನು ತಳ್ಳಿಹಾಕುವಂತಿಲ್ಲ. ತಿದ್ದುವುದು ಖಂಡಿತ ಬೇಕು. ಆದರೆ ಅದಕ್ಕೊಂದು ಹೊತ್ತು ಇದೆ, ಕ್ರಮ ಇದೆ. ಮೊದಲ ಓದಿನಲ್ಲಿ ವಿಷಯದ ಬಗ್ಗೆ ಮಾತ್ರ ಮಾತನಾಡೋಣ. ‘ಬಾವಿಗೆ ಬಿದ್ದ ಚೆಂಡನ್ನು ಕೊನೆಗೆ ತೆಗೆದವರು ಯಾರು, ನೀನು ಬರೆದೇ ಇಲ್ಲವಲ್ಲ’ ಎಂದು ಕೇಳಿದರೆ ಮಗು ತಾನೇ ಎರಡು ಸಾಲು ಸೇರಿಸುತ್ತದೆ. ಅದೂ ತಿದ್ದುವಿಕೆಯೇ, ಅವಮಾನವಿಲ್ಲದ ತಿದ್ದುವಿಕೆ. ಅಕ್ಷರದೋಷಗಳ ಸರದಿ ಬರುವುದು ಬರಹ ಮನೆಯಿಂದ ಹೊರಗೆ ಹೋಗುವಾಗ. ‘ಇದನ್ನು ದೊಡ್ಡಪ್ಪನಿಗೆ ಕಳುಹಿಸಬೇಕಲ್ಲ, ಅವರಿಗೆ ಸರಿಯಾಗಿ ತಿಳಿಯುವಂತೆ ಚೆಂದದ ಪ್ರತಿ ಮಾಡೋಣವೇ?’ ಎಂದರೆ ಮಗು ಒತ್ತಕ್ಷರಗಳನ್ನು ಒಲವಿನಿಂದಲೇ ಸರಿಪಡಿಸುತ್ತದೆ. ಅತಿಥಿಗಳು ಬರುವಾಗ ಅಂಗಳ ಗುಡಿಸುವಂತೆ ಇದೂ ಒಂದು ಮರ್ಯಾದೆ. ಹಾಗೆ ಮಾಡುವಾಗಲೂ ಒಂದು ಸಲಕ್ಕೆ ಒಂದು ಬಗೆಯ ತಪ್ಪನ್ನು ಮಾತ್ರ ಹಿಡಿಯುವುದು ಲೇಸು.

ಕೆಲವು ಎಚ್ಚರಿಕೆಗಳನ್ನೂ ಹೇಳಬೇಕಾಗಿದೆ. ಬರಹವನ್ನು ಶಿಕ್ಷೆಯಾಗಿ ಬಳಸಬಾರದು. ‘ಇನ್ನು ಸುಳ್ಳು ಹೇಳುವುದಿಲ್ಲ’ ಎಂದು ನೂರು ಸಲ ಬರೆಯಿಸಿದ ಕೈ ಮತ್ತೆ ಆಸೆಯಿಂದ ಪೆನ್ಸಿಲು ಹಿಡಿಯಲಾರದು. ಮಗು ಗುಟ್ಟಾಗಿ ಬರೆದ ದಿನಚರಿಯನ್ನು ಅದರ ಒಪ್ಪಿಗೆಯಿಲ್ಲದೆ ತೆರೆಯಬಾರದು, ನೆಂಟರ ಮುಂದೆ ಓದಿ ನಗಲೇಬಾರದು. ಅಕ್ಕನ ಬರಹದೊಂದಿಗೆ ತಮ್ಮನ ಬರಹವನ್ನು ಹೋಲಿಸಬಾರದು. ಇನ್ನು ಕೆಲವು ಮಕ್ಕಳಿಗೆ ಅಕ್ಷರಗಳನ್ನು ಗುರುತಿಸುವುದರಲ್ಲಿ, ಜೋಡಿಸುವುದರಲ್ಲಿಯೇ ನಿಜವಾದ ತೊಡಕಿರುತ್ತದೆ. ಡಿಸ್ಲೆಕ್ಸಿಯಾ ಎಂದು ಕರೆಯಲಾಗುವ ಕಲಿಕೆಯ ಈ ತೊಂದರೆಗೂ ಬುದ್ಧಿಶಕ್ತಿಗೂ ಸಂಬಂಧವಿಲ್ಲ. ಎಷ್ಟು ಪ್ರೀತಿಯಿಂದ ಹೇಳಿಕೊಟ್ಟರೂ ಓದುಬರಹ ಹಿಂದೆಯೇ ಉಳಿದರೆ ಮಗುವನ್ನು ಬೈಯದೆ ತಜ್ಞರ ಬಳಿಗೆ ಕರೆದೊಯ್ಯಬೇಕು. ಅಂಥ ಮಕ್ಕಳಿಗೂ ಹೇಳಲು ಕತೆಗಳಿರುತ್ತವೆ. ಬರೆದುಕೊಳ್ಳುವ ಹಿರಿಯರ ಕೈ ಅವರಿಗೆ ಇನ್ನೂ ಹೆಚ್ಚಾಗಿ ಬೇಕು.

ನಮ್ಮ ಸಮಾಜದಲ್ಲಿ ಕಂಡುಬರುವ ಇನ್ನೊಂದು ಪದ್ಧತಿಯನ್ನು ಕುರಿತು ನೇರವಾಗಿ ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ಪ್ರಬಂಧ ಸ್ಪರ್ಧೆ, ಭಾಷಣ ಸ್ಪರ್ಧೆಗಳು ಬಂದಾಗ ಬರೆಯುವವರು ಹಿರಿಯರು, ಬಾಯಿಪಾಠ ಮಾಡುವುದು ಮಾತ್ರ ಮಕ್ಕಳು. ಹತ್ತು ವರ್ಷದ ಬಾಲಕ ವೇದಿಕೆಯ ಮೇಲೆ ನಿಂತು, ‘ಇಂದಿನ ಯುವಜನಾಂಗ ದಾರಿ ತಪ್ಪುತ್ತಿದೆ’ ಎಂದು ಐವತ್ತರ ವಯಸ್ಸಿನವರ ಗೋಳನ್ನು ಒಪ್ಪಿಸುತ್ತಾನೆ; ನಾವು ಚಪ್ಪಾಳೆ ತಟ್ಟಿ ಲೋಟವೋ ತಟ್ಟೆಯೋ ಬಹುಮಾನ ಕೊಡುತ್ತೇವೆ. ಇದರಿಂದ ಮಗು ಕಲಿಯುವ ಪಾಠ ಒಂದೇ: ನನ್ನ ಮಾತಿಗೆ ಬೆಲೆಯಿಲ್ಲ, ಅಪ್ಪನ ಮಾತಿಗೆ ಬಹುಮಾನವಿದೆ. ಹಿರಿಯರು ಬರೆದುಕೊಡುವುದಕ್ಕೂ ಯಂತ್ರ ಬರೆದುಕೊಡುವುದಕ್ಕೂ ಈ ವಿಷಯದಲ್ಲಿ ವ್ಯತ್ಯಾಸವೇನೂ ಇಲ್ಲ. ಸ್ಪರ್ಧೆಗಳ ಜೊತೆಗೆ ವಾಳೆಯ ಕೂಟಗಳಲ್ಲಿ, ಧರ್ಮಕೇಂದ್ರದ ವಾರ್ಷಿಕ ಸಮಾರಂಭಗಳಲ್ಲಿ, ಮಕ್ಕಳು ತಾವೇ ಬರೆದುದನ್ನು ಓದುವ ಹತ್ತು ನಿಮಿಷಗಳನ್ನು ಇರಿಸಿದರೆ ಹೇಗೆ? ಅಲ್ಲಿ ಪ್ರಥಮ, ದ್ವಿತೀಯ ಎಂಬುದಿಲ್ಲ. ಕೇಳುವ ಕಿವಿಗಳಷ್ಟೇ ಇರುತ್ತವೆ.

ಬರಹಕ್ಕೆ ಮರ್ಯಾದೆ ಕೊಟ್ಟ ಪರಂಪರೆ ನಮ್ಮದು. ಕನ್ನಡ ಲಿಪಿಯಲ್ಲಿ ಕೊಂಕಣಿಯನ್ನು ಅಚ್ಚಿಸಿ ಮನೆಮನೆಗೆ ಮುಟ್ಟಿಸಿದ ‘ಕೊಂಕ್ಣಿ ದಿರ್ವೆಂ’ 1912ರಲ್ಲಿ ಮಂಗಳೂರಿನಿಂದ ಹೊರಟಿತು. ‘ರಾಕ್ಣೊ’ 1938ರಲ್ಲಿ ಆರಂಭವಾಯಿತು. ಬರೆದುದನ್ನು ಓದುವವರಿದ್ದಾರೆ ಎಂಬ ವಿಶ್ವಾಸದಿಂದಲೇ ಎಷ್ಟೋ ಮಂದಿ ಇಂಥ ಪತ್ರಿಕೆಗಳಲ್ಲಿ ಲೇಖನಿ ಹಿಡಿದರು. ಮನೆಯ ಮಟ್ಟದಲ್ಲೂ ಇಂಥ ಒಂದು ಪತ್ರಿಕೆ ಸಾಧ್ಯ. ನಾಲ್ಕು ಹಾಳೆ, ದಾರದ ಹೊಲಿಗೆ, ಮಗುವೇ ಇಟ್ಟ ಹೆಸರು. ಅಪ್ಪನದೊಂದು ನೆನಪು, ಅಮ್ಮನದೊಂದು ಹಾಸ್ಯ, ಅಜ್ಜನದೊಂದು ಒಗಟು, ಮಗುವಿನದೊಂದು ಕತೆ. ಎಂದೂ ಪುಸ್ತಕ ಹಿಡಿಯದ, ಎರಡು ಸಾಲನ್ನೂ ಬರೆಯದ ಹೆತ್ತವರು ಮಕ್ಕಳಿಗೆ ಬರೆಯೆಂದರೆ ಆ ಮಾತಿಗೆ ತೂಕವಿರುವುದಿಲ್ಲ. ದೊಡ್ಡವರೂ ಬರೆಯಲು ತಿಣುಕುವುದನ್ನು, ಬರೆದು ಹೊಡೆದುಹಾಕುವುದನ್ನು ಮಕ್ಕಳು ಕಣ್ಣಾರೆ ಕಂಡಾಗ ತಮ್ಮ ತಿಣುಕಾಟ ನಾಚಿಕೆಯ ವಿಷಯವಲ್ಲ ಎಂದು ತಿಳಿಯುತ್ತಾರೆ.

ನಮ್ಮ ಮಕ್ಕಳೆಲ್ಲರೂ ಸಾಹಿತಿಗಳಾಗಬೇಕಿಲ್ಲ. ಅವರಲ್ಲಿ ಕೆಲವರು ದಾದಿಯರಾದಾರು, ಕೆಲವರು ಕೃಷಿಕರಾದಾರು, ಕೆಲವರು ಕಡಲಾಚೆ ದುಡಿಯಲು ಹೋದಾರು. ಎಲ್ಲಿದ್ದರೂ ಮನಸ್ಸಿನಲ್ಲಿರುವುದನ್ನು ತಮ್ಮ ಮಾತಿನಲ್ಲಿ ಧೈರ್ಯವಾಗಿ ಹೇಳಬಲ್ಲವರಾದರೆ ಸಾಕು. ಅದಕ್ಕೆ ಬೇಕಾದ ವೆಚ್ಚ ಅತ್ಯಲ್ಪ: ಕೆಲವು ಹಾಳೆಗಳು, ವಾರದಲ್ಲಿ ಅರ್ಧ ಗಂಟೆ, ಮೊಬೈಲನ್ನು ಬದಿಗಿಟ್ಟು ಕುಳಿತ ಒಬ್ಬ ಹಿರಿಯ ಓದುಗ. ಬರುವ ಭಾನುವಾರದ ಮಧ್ಯಾಹ್ನ ಊಟವಾದ ಮೇಲೆ, ಮಗು ಬರೆದ ಒಂದೇ ಒಂದು ಪುಟವನ್ನು ಕೈಗೆತ್ತಿಕೊಂಡು ಕೊನೆಯ ಸಾಲಿನವರೆಗೆ ಓದೋಣ. ಪೆನ್ನು ಮಾತ್ರ ಆ ದಿನ ಕಿಸೆಯಲ್ಲೇ ಇರಲಿ.